ಖಾರ ನೀರಿಗೆ ಯಾಕೆ ಅಂಜುವುದಿಲ್ಲ?



ನಮ್ಮ ಸಲಗರ ಬುದ್ರುಕದ ಶಾಲೆಯಲ್ಲಿ ಒಂದು ದಿನ ಹುದುಗುವಿಕೆಯ ಪಾಠ ನಡೆದಿತ್ತು. ಯೀಸ್ಟ್, ಸಕ್ಕರೆ, ಆಲ್ಕೋಹಾಲ್ ಎಂದು ಫಲಕದ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ಅಣ್ಣ ಪುಣೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ.

"ಸರ್, ಬಿಯರಿನಾಗ ಮೆಣಸಿನಕಾಯಿ ಹಾಕಿ ಕುಡೀತಾರಂತ. ನಮ್ಮಣ್ಣ ಹೇಳಿದ. ಖರೇ ಏನ್ರಿ? ಅವರ ಬಾಯಿ ಉರಿಯಂಗಿಲ್ಲೇನ್ರಿ?"

ಇಡೀ ವರ್ಗ ಗೊಳ್ಳೆಂದು ನಕ್ಕಿತು. "ಕೂಡೋ ಸುಮ್ಮ" ಎಂದು ಗದರಿಸಬೇಕೆಂದಿದ್ದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಅವಳೊಬ್ಬಳೇ ನಕ್ಕಿರಲಿಲ್ಲ, ಮೆಲ್ಲಗೆ ಕೇಳಿದಳು: "ಸರ್, ನೀರಾಗ ಕೈ ಇಟ್ರೂ ಖಾರ ಹೋಗಂಗಿಲ್ಲ. ಬಿಯರಿನಾಗ ಹೋಗ್ತದೇನ್ರಿ?"

ಆ ಪ್ರಶ್ನೆ ನನಗೆ ಚುಚ್ಚಿತು. ಕಾರಣ ಇದೆ. ಅದಕ್ಕೆ ಎಂಟು ದಿನ ಮೊದಲು ಅವಳು ಅವ್ವನ ಜೊತೆ ಒಣಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗಿದ್ದಳು. ಮರುದಿನ ಕಿರುಪರೀಕ್ಷೆ. ಬೆರಳು ಕೆಂಪಗಾಗಿ ಉರಿಯುತ್ತಿದ್ದವು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. "ಹೋಗು, ತಣ್ಣೀರಿನಾಗ ಕೈ ತೊಳಕೊಂಡು ಬಾ" ಎಂದು ನಾನೇ ಕಳಿಸಿದ್ದೆ. ಮೂರು ಸಲ ಟಾಕಿಗೆ ಹೋಗಿ ಬಂದಳು. ಉರಿ ಹೋಗಲಿಲ್ಲ. ಅರ್ಧ ಪತ್ರಿಕೆ ಖಾಲಿ ಬಿಟ್ಟು ಕೊಟ್ಟಳು. ರಸಾಯನಶಾಸ್ತ್ರ ಓದಿ ಪದವಿ ಪಡೆದ ನಾನು ಅವಳಿಗೆ ಕೊಟ್ಟದ್ದು ತಪ್ಪು ಸಲಹೆ. ಅವತ್ತು ನನಗೆ ಹೊಳೆಯಬೇಕಾಗಿದ್ದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಹುಡುಗನ ಬಿಯರಿನ ಪ್ರಶ್ನೆಗೂ ಹುಡುಗಿಯ ಕೈಯ ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿದೆ: ಖಾರ ಯಾವುದರಲ್ಲಿ ಕರಗುತ್ತದೆ?

ಖಾರ ಎಂಬುದು ರುಚಿಯೇ?

ನಮ್ಮ ಹಿರಿಯರು ಆರು ರಸಗಳಲ್ಲಿ ಖಾರವನ್ನೂ ಎಣಿಸಿದ್ದಾರೆ. ಊಟದ ಲೆಕ್ಕಕ್ಕೆ ಅದು ಸರಿ. ಆದರೆ ನಾಲಿಗೆಯ ವಿಜ್ಞಾನದಲ್ಲಿ ಖಾರಕ್ಕೆ ಬೇರೆ ದಾರಿ. ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಚಿಟಿಕೆ ಸಕ್ಕರೆಯನ್ನು ಅಂಗೈ ಮೇಲೆ ತಿಕ್ಕಿರಿ. ಕೈಗೆ ಸಿಹಿ ಎನಿಸುತ್ತದೆಯೇ? ಇಲ್ಲ. ಉಪ್ಪು, ಹುಣಸೆಹಣ್ಣು ಏನು ತಿಕ್ಕಿದರೂ ಅಷ್ಟೇ. ಆದರೆ ಮೆಣಸಿನಕಾಯಿ ತಿಕ್ಕಿದ ಕೈ ಉರಿಯುತ್ತದೆ, ಆ ಕೈ ತಾಗಿದ ಕಣ್ಣು ಉರಿಯುತ್ತದೆ, ಮರುದಿನ ಬೆಳಿಗ್ಗೆ ಎಲ್ಲಿ ಉರಿಯುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ರುಚಿ ಮೊಗ್ಗುಗಳು ಇರುವುದು ಬಾಯಲ್ಲಿ. ಖಾರ ಗೊತ್ತಾಗುವುದು ಮೈತುಂಬ. ಹಾಗಾದರೆ ಖಾರವನ್ನು ಹಿಡಿಯುವುದು ರುಚಿ ಮೊಗ್ಗಲ್ಲ, ನೋವು ಮತ್ತು ಬಿಸಿಯನ್ನು ತಿಳಿಸುವ ನರಗಳು.

ಮೆಣಸಿನಕಾಯಿಯಲ್ಲಿರುವ ಆ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಇದರ ಒಂದು ಅಣುವಿನಲ್ಲಿ 18 ಕಾರ್ಬನ್, 27 ಹೈಡ್ರೋಜನ್, 1 ನೈಟ್ರೋಜನ್, 3 ಆಕ್ಸಿಜನ್ ಪರಮಾಣುಗಳಿವೆ. ಖಾರವೆಲ್ಲ ಬೀಜದಲ್ಲಿದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ತಿರುಳಿಗೆ ತಾಗಿದ್ದರಿಂದ ಬೀಜಕ್ಕೂ ಖಾರ ಮೆತ್ತಿಕೊಳ್ಳುತ್ತದೆ. ಮನೆಯಲ್ಲಿ ಅವ್ವ ಭಜಿ ಮಾಡುವಾಗ ಮೆಣಸಿನಕಾಯಿ ಸೀಳಿ ಒಳಗಿನದನ್ನೆಲ್ಲ ಕೆರೆದು ತೆಗೆಯುತ್ತಾಳಲ್ಲ, ಖಾರ ಕಡಿಮೆಯಾಗುವುದು ಆ ಬಿಳಿ ತಿರುಳು ಹೋದದ್ದಕ್ಕೆ.

ನಮ್ಮ ನರಗಳ ತುದಿಯಲ್ಲಿ ಒಂದು ಪ್ರೋಟೀನು ಇದೆ. ಅದಕ್ಕೆ ಟಿಆರ್‌ಪಿವಿ1 ಎಂದು ಹೆಸರು. ನಾವು 'ಉರಿ ಬಾಗಿಲು' ಎಂದು ಕರೆಯೋಣ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಾಗಿದಾಗ ಈ ಬಾಗಿಲು ತೆರೆಯುತ್ತದೆ. ಬಿಸಿ ಚಹಾ ಗುಟುಕರಿಸಿದಾಗ ಥಟ್ಟನೆ ಕಪ್ಪು ಕೆಳಗಿಡುತ್ತೀರಲ್ಲ, ಅದು ಈ ಬಾಗಿಲು ಕೊಟ್ಟ ಸೂಚನೆ. ಕ್ಯಾಪ್ಸೈಸಿನ್ ಅಣು ಹೋಗಿ ಇದೇ ಬಾಗಿಲಿಗೆ ಕಳ್ಳಕೀಲಿಯಂತೆ ಕೂಡುತ್ತದೆ. ಬಿಸಿ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ ಒಂದೇ: "ಸುಡಾಕತ್ತೈತಿ!" ಆಗ ಥರ್ಮಾಮೀಟರ್ ಇಟ್ಟು ನೋಡಿದರೆ ಬಾಯಿಯ ಉಷ್ಣತೆ ಎಂದಿನಂತೆ ಸುಮಾರು 37 ಡಿಗ್ರಿ. ಮಿದುಳಿಗೆ ಅದು ಗೊತ್ತಿಲ್ಲ. ಮೈ ತಣಿಸಲು ಅದು ಬೆವರು ಬರಿಸುತ್ತದೆ, ಮೂಗು ಸುರಿಸುತ್ತದೆ, ಮುಖ ಕೆಂಪಗೆ ಮಾಡುತ್ತದೆ. ಖಾರದ ಊಟಕ್ಕೆ ಕೂತು ಟೋಪಿ ತೆಗೆದು ನೆತ್ತಿ ಒರೆಸಿಕೊಳ್ಳುವ ಅಜ್ಜನ ಮಿದುಳು ಮೋಸ ಹೋಗಿದೆ ಅಂತಾಯಿತು.

ಈ ಬಾಗಿಲನ್ನು 1997ರಲ್ಲಿ ಗುರುತಿಸಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ. ಅದಕ್ಕೆ ಅವರು ಉಪಯೋಗಿಸಿದ ಸಾಧನ ಮೆಣಸಿನಕಾಯಿಯ ಇದೇ ಕ್ಯಾಪ್ಸೈಸಿನ್. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೂ, ಸ್ಪರ್ಶದ ಮೇಲೆ ಕೆಲಸ ಮಾಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ ಬಂತು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಪದಾರ್ಥ ನೊಬೆಲ್ ತನಕ ಹೋಯಿತು ನೋಡಿ.

ಇನ್ನೊಂದು ಸಂಗತಿ. ಹೊಲದಲ್ಲಿ ಗಿಳಿಗಳು ಕೆಂಪು ಮೆಣಸಿನಹಣ್ಣನ್ನು ಆರಾಮಾಗಿ ತಿನ್ನುವುದನ್ನು ನೋಡಿದ್ದೀರಿ. ಹಕ್ಕಿಗಳಲ್ಲಿಯೂ ಉರಿ ಬಾಗಿಲು ಇದೆ, ಆದರೆ ಕ್ಯಾಪ್ಸೈಸಿನ್‌ನ ಕಳ್ಳಕೀಲಿ ಅದಕ್ಕೆ ಕೂಡುವುದಿಲ್ಲ. ಗಿಡಕ್ಕೆ ಇದು ಲಾಭ. ಇಲಿಯಂಥ ಪ್ರಾಣಿಗಳು ಬೀಜವನ್ನು ಅಗಿದು ಹಾಳು ಮಾಡುತ್ತವೆ. ಹಕ್ಕಿ ನುಂಗಿ, ದೂರ ಹೋಗಿ, ಹಿಕ್ಕೆಯ ಜೊತೆ ಬೀಜವನ್ನು ಹಾಗೇ ಬೀಳಿಸುತ್ತದೆ. ಅಗಿಯುವವರನ್ನು ಓಡಿಸಿ, ಹಾರುವವರನ್ನು ಕರೆಯುವ ಉಪಾಯ ಇದು. ಆದರೆ ಮನುಷ್ಯ ಓಡಿಹೋಗದೆ "ಇನ್ನೊಂದು ಕೊಡ್ರಿ" ಎಂದು ಕೂತ.

ನೀರು ಸೋಲುವುದು ಯಾಕೆ?

ಮಿಸಳ್ ತಿಂದಿದ್ದೀರಾ? ಅಥವಾ ಮನೆಯಲ್ಲಿ ಖಾರದ ಪಲ್ಯದ ರಸ ನೋಡಿದ್ದೀರಾ? ಮೇಲೆ ಕೆಂಪು ಎಣ್ಣೆಯ ಪದರ ತೇಲುತ್ತದೆ. ತರ್ರಿ ಎನ್ನುತ್ತೇವೆ. ಕೆಳಗಿನ ನೀರು ಪೇಲವ, ಮೇಲಿನ ಎಣ್ಣೆ ಕೆಂಪು. ಮೆಣಸಿನಕಾಯಿಯ ಬಣ್ಣ ನೀರನ್ನು ಬಿಟ್ಟು ಎಣ್ಣೆಗೆ ಹೋಗಿದೆ. ಖಾರವೂ ಹಾಗೇ ಎಣ್ಣೆಗೇ ಹೋಗುತ್ತದೆ. (ಬಣ್ಣ ಬೇರೆ ವಸ್ತು, ಖಾರ ಬೇರೆ ವಸ್ತು ಎಂಬುದು ನೆನಪಿರಲಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು, ಖಾರ ಕಡಿಮೆ. ನಮ್ಮ ಸಣ್ಣ ಲವಂಗಿ ಮೆಣಸಿನಕಾಯಿ ಹಸಿರಿದ್ದರೂ ಕಣ್ಣಲ್ಲಿ ನೀರು ತರಿಸುತ್ತದೆ.)

ಕ್ಯಾಪ್ಸೈಸಿನ್ ಅಣುವಿಗೆ ಕಾರ್ಬನ್ ಮತ್ತು ಹೈಡ್ರೋಜನ್‌ಗಳ ಒಂದು ಉದ್ದ ಬಾಲ ಇದೆ. ಎಣ್ಣೆಯ ಅಣುಗಳಿಗೂ ಇಂಥದೇ ಬಾಲ. ಹೀಗಾಗಿ ಅದು ಎಣ್ಣೆ, ತುಪ್ಪ, ಬೆಣ್ಣೆಯ ಜೊತೆ ಕೂಡುತ್ತದೆ, ನೀರಿನ ಜೊತೆ ಕೂಡುವುದಿಲ್ಲ. ಬಾಯಿ ಉರಿದಾಗ ಒಂದು ಚೊಂಬು ನೀರು ಕುಡಿದರೆ ಏನಾಗುತ್ತದೆ? ನೀರು ಬಾಯಲ್ಲಿರುವ ತನಕ ತಣ್ಣಗೆ ಇರುತ್ತದೆ, ಯಾಕೆಂದರೆ ತಂಪು ತಾಗಿದಾಗ ಉರಿ ಬಾಗಿಲು ಅಷ್ಟು ಹೊತ್ತು ಮಂದವಾಗುತ್ತದೆ. ನುಂಗಿದ ಮೇಲೆ ಕ್ಯಾಪ್ಸೈಸಿನ್ ಇದ್ದಲ್ಲೇ ಇದೆ. ಉರಿ ಮತ್ತೆ ಶುರು. ನನ್ನ ವಿದ್ಯಾರ್ಥಿನಿಗೆ ಟಾಕಿಯ ಹತ್ತಿರ ಆದದ್ದು ಇದೇ. ಕೈ ನೀರಿನಲ್ಲಿರುವಷ್ಟು ಹೊತ್ತು ಹಗುರ, ತೆಗೆದ ಕೂಡಲೇ ಉರಿ.

ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ನಡುವೆ ಒಂದು ದ್ರವ ಇದೆ, ಎರಡೂ ಕಡೆಗೆ ನೆಂಟಸ್ತನ ಇಟ್ಟುಕೊಂಡದ್ದು. ಅದೇ ಆಲ್ಕೋಹಾಲ್. ಅದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ತುದಿ ಎಣ್ಣೆಯಂಥ ವಸ್ತುಗಳಿಗೆ ಒಲಿಯುತ್ತದೆ. ಕ್ಯಾಪ್ಸೈಸಿನ್ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಈಗ ಹುಡುಗನ ಪ್ರಶ್ನೆಗೆ ಬರೋಣ.

ಬಿಯರಿನೊಳಗಿನ ಮೆಣಸಿನಕಾಯಿ

ಮೊದಲೇ ಒಂದು ಮಾತು. ನಮ್ಮ ಮಹಾರಾಷ್ಟ್ರದಲ್ಲಿ ಬಿಯರ್ ಕೊಳ್ಳಲು 21 ವರ್ಷ ಆಗಿರಬೇಕು. ನಿಮಗೆ ಆಗಿಲ್ಲ. ಆದಮೇಲೂ ಕುಡಿಯಿರಿ ಎಂದು ನಾನು ಹೇಳುವವನಲ್ಲ. ಆದರೆ ಅದು ಹೇಗೆ ಆಗುತ್ತದೆ ಎಂದು ತಿಳಿಯಲು ವಯಸ್ಸಿನ ಅಡ್ಡಿ ಇಲ್ಲ.

ಬಾರ್ಲಿ ಎಂಬ ಧಾನ್ಯವನ್ನು ನೆನೆಯಿಸಿ ಮೊಳಕೆ ಬರಿಸುತ್ತಾರೆ. ನಮ್ಮ ಮನೆಯಲ್ಲಿ ಮಡಕಿ ಮೊಳಕೆ ಕಟ್ಟುತ್ತೇವಲ್ಲ ಹಾಗೇ. ಮೊಳಕೆ ಬರುವಾಗ ಕಾಳಿನೊಳಗೆ ಎಂಜೈಮುಗಳು ಹುಟ್ಟುತ್ತವೆ. ಆ ಮೊಳಕೆಯನ್ನು ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ಕಲಸಿದರೆ ಎಂಜೈಮುಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬಿಡುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸಮೀಕರಣದ ಲೆಕ್ಕ ನಿಮಗೆ ಬರುತ್ತದೆ: 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ಮಾಡಿ ನೋಡಿರಿ, ಅಣುತೂಕ ಕೂಡಿಸಿದರೆ ಸರಿ ಬರುತ್ತದೆ.

ಇದರಲ್ಲಿ ಮೆಣಸಿನಕಾಯಿಯನ್ನು ಕುದಿಸುವಾಗ ಹಾಕುವವರಿದ್ದಾರೆ. ಹುದುಗಿದ ಮೇಲೆ ಕೆಲವು ದಿನ ನೆನೆಹಾಕಿ ತೆಗೆಯುವವರಿದ್ದಾರೆ. ಎರಡನೆಯದರಲ್ಲಿ ಆಗಲೇ ಆಲ್ಕೋಹಾಲ್ ತಯಾರಾಗಿರುತ್ತದೆ, ಅದು ಖಾರವನ್ನು ಎಳೆದುಕೊಳ್ಳುತ್ತದೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಶುರುವಾದ 'ಕೇವ್ ಕ್ರೀಕ್ ಚಿಲ್ಲಿ ಬಿಯರ್' ಎಂಬುದರಲ್ಲಿ ಪ್ರತಿ ಬಾಟಲಿಯೊಳಗೆ ಒಂದು ಇಡೀ ಮೆಣಸಿನಕಾಯಿ ಇಳಿಬಿಟ್ಟಿರುತ್ತಿದ್ದರು. ಹುಡುಗನ ಅಣ್ಣ ಸುಳ್ಳು ಹೇಳಿಲ್ಲ. ಅಂದಹಾಗೆ, ಮೆಣಸಿನಕಾಯಿ ಹುಟ್ಟಿದ್ದೇ ಅಮೆರಿಕ ಖಂಡದಲ್ಲಿ. ಮೆಕ್ಸಿಕೊದ ಹಳೆಯ ಜನ ಕೋಕೋ ಪಾನೀಯಕ್ಕೆ ಮೆಣಸಿನಕಾಯಿ ಹಾಕಿ ಕುಡಿಯುತ್ತಿದ್ದರು. ನಮ್ಮ ದೇಶಕ್ಕೆ ಅದು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಗೋವಾ ದಾರಿಯಿಂದ.

ಈಗ ಮುಖ್ಯ ಪ್ರಶ್ನೆ: ಆಲ್ಕೋಹಾಲಿನಲ್ಲಿ ಖಾರ ಕರಗುತ್ತದೆ ಎಂದರೆ, ಬಿಯರ್ ಬಾಯಿಯ ಖಾರ ತೊಳೆದುಕೊಂಡು ಹೋಗಬೇಕಲ್ಲ? ನನ್ನ ವಿದ್ಯಾರ್ಥಿನಿ ಕೇಳಿದ್ದೂ ಇದನ್ನೇ. ಹೋಗುವುದಿಲ್ಲ. ಸಾಮಾನ್ಯ ಬಿಯರಿನಲ್ಲಿ ಆಲ್ಕೋಹಾಲ್ ಇರುವುದು ನೂರಕ್ಕೆ ಸುಮಾರು 5 ಭಾಗ. ಉಳಿದದ್ದು ಬಹುತೇಕ ನೀರೇ. ನಾಲಿಗೆಯನ್ನು ಉರಿಸಲು ಸಾಕಾಗುವಷ್ಟು ಖಾರವನ್ನು ಹಿಡಿದಿಡಲು ಅಷ್ಟು ಆಲ್ಕೋಹಾಲ್ ಸಾಕು, ಯಾಕೆಂದರೆ ಉರಿಸಲು ಬೇಕಾಗುವ ಕ್ಯಾಪ್ಸೈಸಿನ್ ಬಹಳ ಕಡಿಮೆ. ಆದರೆ ಬಾಯಿಗೆ ಅಂಟಿದ್ದನ್ನು ಎಳೆದು ತೆಗೆಯಲು ಅದು ಸಾಲದು.

ಅಷ್ಟೇ ಅಲ್ಲ, ಬಿಯರ್ ಉರಿಯನ್ನು ಹೆಚ್ಚಿಸುತ್ತದೆ. 2002ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕಂಡದ್ದು ಹೀಗೆ: ಆಲ್ಕೋಹಾಲ್ ತಾಗಿದಾಗ ಉರಿ ಬಾಗಿಲು ತೆರೆಯುವ ಉಷ್ಣತೆ ಸುಮಾರು 42 ಡಿಗ್ರಿಯಿಂದ ಸುಮಾರು 34 ಡಿಗ್ರಿಗೆ ಇಳಿಯುತ್ತದೆ. ನಮ್ಮ ಮೈಯ ಉಷ್ಣತೆ 37. ಅಂದರೆ ನಮ್ಮ ಮೈಯ ಬಿಸಿಯೇ ಬಾಗಿಲು ತೆರೆಯಲು ಸಾಕಾಯಿತು! ಗಾಯಕ್ಕೆ ಸ್ಪಿರಿಟ್ ಹಚ್ಚಿದಾಗ ಚುರ್ ಎನ್ನುವುದು, ಸ್ಯಾನಿಟೈಸರ್ ಹಾಕಿದಾಗ ಗೀರಿದ ಕೈ ಉರಿಯುವುದು ಇದಕ್ಕೇ. ಮೇಲೆ ಅನಿಲದ ಗುಳ್ಳೆಗಳು. ಇಂಗಾಲದ ಡೈಆಕ್ಸೈಡ್ ಬಾಯಲ್ಲಿ ನೀರಿನೊಂದಿಗೆ ಸೇರಿ ಕಾರ್ಬೋನಿಕ್ ಆಮ್ಲ ಆಗುತ್ತದೆ, ಅದು ನರಗಳನ್ನು ಬೇರೆ ದಾರಿಯಿಂದ ಚುಚ್ಚುತ್ತದೆ. ಸೋಡಾ ಕುಡಿದಾಗ ಮೂಗಿಗೆ ಏರುವ ಜುಮ್ಮು ನೆನಪಿಸಿಕೊಳ್ಳಿ. ಹೀಗೆ ಮೆಣಸಿನಕಾಯಿ ಬಿಯರಿನಲ್ಲಿ ಚುಚ್ಚುವವರು ಮೂವರು, ಖಾರ, ಆಲ್ಕೋಹಾಲ್, ಆಮ್ಲ.

ಹಾಗಾದರೆ ಮೊದಲ ಗುಟುಕಿಗೇ ಕಿರುಚಬೇಕಲ್ಲ? ಇಲ್ಲ, ಅಲ್ಲೊಂದು ಆಟ ಇದೆ. ಬಿಯರ್ ಫ್ರಿಜ್ಜಿನಿಂದ ತೆಗೆದದ್ದು, ತಣ್ಣಗಿರುತ್ತದೆ. ತಂಪಿಗೆ ಉರಿ ಬಾಗಿಲು ಮಂದ. ಗುಟುಕು ಗಂಟಲಿಗೆ ಇಳಿದು ಮೈಯ ಬಿಸಿಗೆ ಬಂದ ಮೇಲೆ ಖಾರ ಏಳುತ್ತದೆ. ಇದರಿಂದಲೇ ರುಚಿ ನೋಡುವವರು ಸಣ್ಣ ಗುಟುಕು ತೆಗೆದುಕೊಂಡು, ಸ್ವಲ್ಪ ಹೊತ್ತು ಕಾದು, ಆಮೇಲೆ ಅಭಿಪ್ರಾಯ ಬರೆಯುತ್ತಾರೆ. ಕಡಿಮೆ ಖಾರದ್ದನ್ನು ಮೊದಲು, ಹೆಚ್ಚು ಖಾರದ್ದನ್ನು ಕೊನೆಗೆ. ತಿರುಗಾ ಮುರುಗಾ ಮಾಡಿದರೆ ನಾಲಿಗೆ ಮೊದಲನೆಯದಕ್ಕೇ ಸೋತು ಉಳಿದದ್ದು ಗೊತ್ತಾಗುವುದಿಲ್ಲ.

ಅವರು ಬರೀ ಉರಿಯನ್ನು ಹುಡುಕುವುದಿಲ್ಲ, ವಾಸನೆಯನ್ನೂ ನೋಡುತ್ತಾರೆ. ಹಸಿ ಮೆಣಸಿನಕಾಯಿ ಮುರಿದಾಗ ಬರುವ ಹಸಿರು ವಾಸನೆ ಕ್ಯಾಪ್ಸೈಸಿನ್‌ದಲ್ಲ. ಅದಕ್ಕೆ ಪೈರಜೀನ್ ಎಂಬ ಬೇರೆ ಗುಂಪಿನ ವಸ್ತು ಕಾರಣ. ಢಬ್ಬು ಮೆಣಸಿನಕಾಯಿಗೆ ಆ ವಾಸನೆ ಪೂರ್ತಿ ಇದೆ, ಖಾರ ಇಲ್ಲ. ಜಾಣ ತಯಾರಕ ವಾಸನೆ ಹೆಚ್ಚು, ಉರಿ ಕಡಿಮೆ ಬರುವಂತೆ ನೋಡಿಕೊಳ್ಳುತ್ತಾನೆ. ನನ್ನ ಪ್ರಕಾರ ನಮ್ಮ ಒಳ್ಳೆಯ ಹಿಂಡಿಯ ಗುಟ್ಟೂ ಅದೇ. ಬರೀ ಉರಿಸುವುದು ಯಾರಿಗಾದರೂ ಬರುತ್ತದೆ.

ಐದು ನಾಲಿಗೆಗಳ ಮಾಪಕ

ಖಾರವನ್ನು ಅಳೆಯುವುದು ಹೇಗೆ? 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಒಂದು ವಿಧಾನ ಹೇಳಿದ. ಒಣಮೆಣಸಿನಕಾಯಿಯ ಖಾರವನ್ನು ಆಲ್ಕೋಹಾಲಿನಲ್ಲಿ ಇಳಿಸಿದ (ನೀರಿನಲ್ಲಿ ಯಾಕಲ್ಲ ಎಂದು ಈಗ ನೀವೇ ಹೇಳುತ್ತೀರಿ). ಅದನ್ನು ಸಕ್ಕರೆ ನೀರಿಗೆ ಹಾಕಿ ತೆಳುವು ಮಾಡುತ್ತಾ ಹೋದ. ಐದು ಜನರಿಗೆ ರುಚಿ ನೋಡಲು ಕೊಟ್ಟ. ಐವರಲ್ಲಿ ಮೂವರಿಗೆ ಖಾರ ಗೊತ್ತಾಗುವುದು ನಿಂತ ಕಡೆ ಲೆಕ್ಕ ಬರೆದ. 30 ಸಾವಿರ ಪಟ್ಟು ತೆಳುವು ಮಾಡಬೇಕಾಯಿತೆಂದರೆ ಅದರ ಖಾರ 30 ಸಾವಿರ ಸ್ಕೋವಿಲ್.

ನಮ್ಮ ಕಡೆಯ ಲೆಕ್ಕದಲ್ಲಿ ನೋಡೋಣ. ಬೇಸಿಗೆಯಲ್ಲಿ ಊರಿಗೆ ಟ್ಯಾಂಕರ್ ಬರುತ್ತದಲ್ಲ, ಅದು 5000 ಲೀಟರಿನದು ಎಂದು ಹಿಡಿಯಿರಿ. ಈಶಾನ್ಯ ಭಾರತದ ಭೂತ್ ಜೊಲೋಕಿಯಾ ಮೆಣಸಿನಕಾಯಿ 2007ರಲ್ಲಿ ಗಿನ್ನೆಸ್ ದಾಖಲೆಗೆ ಹೋದಾಗ ಅದರ ಖಾರ 10 ಲಕ್ಷ ಸ್ಕೋವಿಲ್ ದಾಟಿತ್ತು. ಅಷ್ಟು ಖಾರದ ರಸ ಒಂದು ಚಮಚ, ಅಂದರೆ 5 ಮಿಲಿಲೀಟರ್, ಇದ್ದರೆ ಅದರ ಖಾರ ಅಡಗಿಸಲು ಒಂದು ಇಡೀ ಟ್ಯಾಂಕರ್ ಸಕ್ಕರೆ ನೀರು ಬೇಕು. ಶುದ್ಧ ಕ್ಯಾಪ್ಸೈಸಿನ್ ಸುಮಾರು 160 ಲಕ್ಷ ಸ್ಕೋವಿಲ್. ಒಂದು ಚಮಚಕ್ಕೆ ಎಷ್ಟು ಟ್ಯಾಂಕರ್? ಲೆಕ್ಕ ನೀವೇ ಮಾಡಿರಿ.

ಸ್ಕೋವಿಲ್ ವಿಧಾನದಲ್ಲಿ ಒಂದು ದೋಷ ಇತ್ತು. ನಾಲಿಗೆ ನಾಲಿಗೆಗೆ ವ್ಯತ್ಯಾಸ. ದಿನಾ ಖಾರ ತಿನ್ನುವವರ ನರಗಳು ಮೊಂಡಾಗುತ್ತವೆ. ಒಂದೇ ನಾಲಿಗೆಗೂ ನಾಲ್ಕನೆಯ ಗುಟುಕಿನಲ್ಲಿ ದಣಿವು. ಇವತ್ತು ಯಂತ್ರದಿಂದ ಕ್ಯಾಪ್ಸೈಸಿನ್ ಪ್ರಮಾಣ ಅಳೆದು ಲೆಕ್ಕ ಹಾಕುತ್ತಾರೆ. ನರ ಮೊಂಡಾಗುವ ಈ ಗುಣದಿಂದ ಇನ್ನೊಂದು ಉಪಯೋಗ ಬಂದಿದೆ: ಕೀಲುನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಕ್ಯಾಪ್ಸೈಸಿನ್ ಇರುತ್ತದೆ.

ನಮ್ಮ ಭರಣಿಯೊಳಗೆ

ಬಿಯರಿನ ಪೀಪಾಯಿ ನೋಡಲು ದೂರ ಹೋಗಬೇಕು. ಮೆಣಸಿನಕಾಯಿ ಹುದುಗುವುದನ್ನು ನೋಡಬೇಕೆಂದರೆ ನಿಮ್ಮ ಮನೆಯ ರಂಜಕದ ಭರಣಿ ಸಾಕು. ಕೆಂಪು ಹಸಿ ಮೆಣಸಿನಹಣ್ಣು, ಉಪ್ಪು, ಬಳ್ಳೊಳ್ಳಿ, ಮೆಂತ್ಯ, ಹುಳಿ ಕೂಡಿಸಿ ರುಬ್ಬಿ ಇಡುತ್ತಾರೆ. ಉಪ್ಪು ಕೆಟ್ಟ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಉಪ್ಪು ತಾಳುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹಣ್ಣಿನ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಕೆಲವು ದಿನಕ್ಕೆ ಹುಳಿ ವಾಸನೆ, ಸಣ್ಣ ಗುಳ್ಳೆ. ಬಿಯರಿನಲ್ಲಿ ಯೀಸ್ಟ್, ಫಲ ಆಲ್ಕೋಹಾಲ್. ಭರಣಿಯಲ್ಲಿ ಬ್ಯಾಕ್ಟೀರಿಯಾ, ಫಲ ಲ್ಯಾಕ್ಟಿಕ್ ಆಮ್ಲ, ಹಾಲು ಮೊಸರಾಗುವಾಗ ಆಗುವುದೇ ಇಲ್ಲಿಯೂ.

ರಂಜಕವನ್ನು ನಮ್ಮವರು ಹೇಗೆ ತಿನ್ನುತ್ತಾರೆ ಗಮನಿಸಿದ್ದೀರಾ? ಜೋಳದ ರೊಟ್ಟಿ ಮೇಲೆ ರಂಜಕ, ಅದರ ನಡುವೆ ಗುಣಿ ಮಾಡಿ ಹಸಿ ಕುಸುಬಿ ಎಣ್ಣೆ, ಕೊನೆಗೆ ಮಜ್ಜಿಗೆ. ಅಜ್ಜಿ ಕ್ಯಾಪ್ಸೈಸಿನ್ ಹೆಸರು ಕೇಳಿಲ್ಲ. ಆದರೆ ಎಣ್ಣೆ ಖಾರವನ್ನು ಕರಗಿಸಿಕೊಳ್ಳುತ್ತದೆ, ನಾಲಿಗೆಗೆ ಒಮ್ಮೆಲೇ ತಾಗಗೊಡುವುದಿಲ್ಲ. ಮಜ್ಜಿಗೆಯಲ್ಲಿ ಕೇಸಿನ್ ಎಂಬ ಪ್ರೋಟೀನು ಇದೆ, ಅದು ಕ್ಯಾಪ್ಸೈಸಿನ್‌ಗೆ ಅಂಟಿಕೊಂಡು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ಬೆಣ್ಣೆ ತೆಗೆದ ಹಾಲೂ ಕೆನೆಹಾಲಿನಷ್ಟೇ ಚೆನ್ನಾಗಿ ಉರಿ ಇಳಿಸುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಹೀಗಾಗಿ ಕೊಬ್ಬು ಕಡಿಮೆ ಇದ್ದರೂ ನಮ್ಮ ಮಜ್ಜಿಗೆ ಸೋಲುವುದಿಲ್ಲ. ಬೆಲ್ಲ, ಸಕ್ಕರೆಯೂ ಸ್ವಲ್ಪ ಸಹಾಯ ಮಾಡುತ್ತವೆ.

ಕೈ ಉರಿದಾಗ, ಪಂದ್ಯ ಕಟ್ಟಿದಾಗ

ಈಗ ನನ್ನ ತಪ್ಪು ತಿದ್ದಿಕೊಳ್ಳುತ್ತೇನೆ. ಮೆಣಸಿನಕಾಯಿ ಮುಟ್ಟಿ ಕೈ ಉರಿಯುತ್ತಿದ್ದರೆ ಮೊದಲು ಅಡುಗೆ ಎಣ್ಣೆ ಹಚ್ಚಿ ಬೆರಳ ಸಂದು, ಉಗುರ ಬುಡ ಎಲ್ಲ ಚೆನ್ನಾಗಿ ತಿಕ್ಕಬೇಕು. ಖಾರ ಎಣ್ಣೆಗೆ ಇಳಿಯುತ್ತದೆ. ಆ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪಿನಿಂದ ತೊಳೆಯಬೇಕು. ಸೋಪಿನ ಅಣುವೂ ಎರಡು ತುದಿಯದು, ಎಣ್ಣೆಯನ್ನು ಹಿಡಿದು ನೀರಿನೊಂದಿಗೆ ಹೋಗುತ್ತದೆ. ಬೇಕಾದರೆ ಇದನ್ನೇ ಎರಡು ಸಲ ಮಾಡಿರಿ. ಕೆಲಸಕ್ಕೆ ಹೋಗುವ ಮೊದಲೇ ಕೈಗೆ ಕವರು, ಅಂದರೆ ರಬ್ಬರಿನ ಕೈಚೀಲ, ಹಾಕಿಕೊಂಡರೆ ಇನ್ನೂ ಒಳ್ಳೆಯದು. ಕಣ್ಣಿಗೆ ಖಾರ ಹೋದರೆ ಮಾತ್ರ ಎಣ್ಣೆ ಬೇಡ, ತಿಕ್ಕುವುದೂ ಬೇಡ. ಕಣ್ಣು ತೆರೆದು ಬಹಳ ಹೊತ್ತು ಸ್ವಚ್ಛ ನೀರು ಹರಿಸಬೇಕು. ಉರಿ ನಿಲ್ಲದಿದ್ದರೆ, ಮಂಜಾಗಿ ಕಂಡರೆ ಡಾಕ್ಟರ ಹತ್ತಿರ.

ಹುಡುಗರಿಗೆ ಒಂದು ಮಾತು. "ಐದು ಲವಂಗಿ ಮೆಣಸಿನಕಾಯಿ ತಿಂತೀಯೇನೋ?" ಎಂದು ಬಿಡುವಿನಲ್ಲಿ ಪಂದ್ಯ ಕಟ್ಟುವುದು ನನಗೆ ಗೊತ್ತಿದೆ. ಮೊಬೈಲಿನಲ್ಲಿ ಇಂಥ ವಿಡಿಯೋ ಬೇಕಾದಷ್ಟು ಬರುತ್ತವೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 14 ವರ್ಷದ ಒಬ್ಬ ಹುಡುಗ ಇಂಥ ಪಂದ್ಯಕ್ಕಾಗಿಯೇ ಮಾರುತ್ತಿದ್ದ ಅತಿ ಖಾರದ ಒಂದೇ ಒಂದು ಚಿಪ್ಸ್ ತಿಂದು ಅದೇ ದಿನ ತೀರಿಕೊಂಡ. ಬಹಳ ಪ್ರಮಾಣದ ಕ್ಯಾಪ್ಸೈಸಿನ್ ಹೊಟ್ಟೆಗೆ ಹೋದ ಮೇಲೆ ಹೃದಯ ಮತ್ತು ಉಸಿರಾಟ ನಿಂತವು ಎಂದು ಶವಪರೀಕ್ಷೆಯ ವರದಿ ಬಂತು. ಅವನ ಹೃದಯದಲ್ಲಿ ಹುಟ್ಟಿನಿಂದ ಒಂದು ದೋಷವೂ ಇತ್ತು. ನಮ್ಮಲ್ಲಿ ಯಾರ ಹೃದಯದಲ್ಲಿ ಏನಿದೆ ಎಂದು ಪಂದ್ಯ ಕಟ್ಟುವವನಿಗೆ ಗೊತ್ತಿರುತ್ತದೆಯೇ? ಊಟದ ಖಾರದಿಂದ ಹೀಗಾಗುವುದಿಲ್ಲ, ಹೆದರಬೇಡಿ. ಪಂದ್ಯದ ಖಾರ ಬೇರೆ. ಯಾರಾದರೂ ತಿಂದು ಎದೆ ಹಿಡಿದುಕೊಂಡರೆ, ಉಸಿರು ಕಷ್ಟವಾದರೆ, ಮಜ್ಜಿಗೆ ಹುಡುಕುತ್ತಾ ನಿಲ್ಲಬೇಡಿ, ಕೂಡಲೇ ಹಿರಿಯರನ್ನು ಕರೆಯಿರಿ, ದವಾಖಾನೆಗೆ ಒಯ್ಯಿರಿ.

ಮಾಡಿ ನೋಡಿ

ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಒಂದರಲ್ಲಿ ಎಣ್ಣೆ. ಎರಡಕ್ಕೂ ಅರ್ಧ ಚಮಚ ಖಾರದ ಪುಡಿ ಹಾಕಿ ಕಲಕಿ ಒಂದು ತಾಸು ಬಿಡಿ. ಬಣ್ಣ ಎಲ್ಲಿ ಇಳಿಯಿತು ಬರೆದುಕೊಳ್ಳಿ. ಆಮೇಲೆ ಎರಡನ್ನೂ ಒಂದೇ ಲೋಟಕ್ಕೆ ಸುರಿದು ಸುಮ್ಮನೆ ಬಿಟ್ಟು ನೋಡಿ.

ಇನ್ನೊಂದು, ಮನೆಯವರ ಎದುರಿಗೆ ಮಾಡುವಂಥದು. ಮನೆಯ ಹಿಂಡಿಯನ್ನೇ ಕಡಲೆಕಾಳಿನಷ್ಟು ನಾಲಿಗೆ ಮೇಲೆ ಇಟ್ಟುಕೊಂಡು ನುಂಗಿ. ಒಂದು ದಿನ ನೀರು, ಮರುದಿನ ಅಷ್ಟೇ ತಂಪಿನ ಮಜ್ಜಿಗೆ, ಅದರ ಮರುದಿನ ಬೆಲ್ಲ. ಉರಿ ಪೂರ್ತಿ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತು ಗಡಿಯಾರ ನೋಡಿ ಬರೆಯಿರಿ. ಒಂದೇ ದಿನ ಮೂರನ್ನೂ ಯಾಕೆ ಮಾಡಬಾರದು? ನೀರು, ಮಜ್ಜಿಗೆ ಎರಡೂ ಒಂದೇ ತಂಪು ಯಾಕೆ ಇರಬೇಕು? ಉತ್ತರ ಮೇಲಿನ ಪಾಠದಲ್ಲಿದೆ. ಹುಣ್ಣಿದ್ದವರು, ಹೊಟ್ಟೆ ಉರಿ ಇದ್ದವರು, ದಮ್ಮು ಇದ್ದವರು ಗಡಿಯಾರ ಹಿಡಿಯುವ ಕೆಲಸ ಮಾಡಿ.

ಅಂದಹಾಗೆ, ಆ ಹುಡುಗಿಗೆ ಕಿರುಪರೀಕ್ಷೆಯನ್ನು ಮತ್ತೊಮ್ಮೆ ಬರೆಯಲು ಕೊಟ್ಟೆ. ಈಗ ಕೂಲಿಗೆ ಹೋದ ದಿನ ಅವರ ಮನೆಯಲ್ಲಿ ಅವ್ವ, ಮಗಳು ಇಬ್ಬರೂ ಮೊದಲು ಎಣ್ಣೆ ಹಚ್ಚಿಕೊಂಡು ಆಮೇಲೆ ಸೋಪು ಹಿಡಿಯುತ್ತಾರಂತೆ. "ಅವ್ವ ಕೇಳಿದ್ಲರಿ ಸರ್, ಇದನ್ನ ಮೊದಲ ಯಾಕ ಹೇಳಲಿಲ್ಲ ನಿಮ್ಮ ಸರ್ ಅಂತ" ಎಂದಳು.